ಕೀ ಮನೆಯಲ್ಲೇ ಇದೆ, ಕಾರು ಮಾತ್ರ ಇಲ್ಲ

ಪ್ರಶ್ನೆ: ನಮ್ಮ ಮಗಳು, ಅಳಿಯ ಇಂಗ್ಲೆಂಡಿನ ಸೋಲಿಹಲ್‌ನಲ್ಲಿದ್ದಾರೆ. ಈಚೆಗೆ ಅವರ ಪಕ್ಕದ ಮನೆಯವರ ಕಾರು ರಾತ್ರೋರಾತ್ರಿ ಕಳುವಾಯಿತು. ಗಾಜು ಒಡೆದಿಲ್ಲ, ಅಲಾರಾಂ ಕೂಗಿಲ್ಲ, ಎರಡೂ ಕೀ ಮನೆಯೊಳಗೇ ಇವೆ. ಅಂದಿನಿಂದ ಮಗಳು ತನ್ನ ಕಾರಿನ ಕೀಯನ್ನು ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟು ಮಲಗುತ್ತಾಳೆ. ಇದರಿಂದ ಉಪಯೋಗ ಇದೆಯೇ? ಇಲ್ಲಿ ನಮ್ಮದೂ ಬಟನ್ ಸ್ಟಾರ್ಟ್ ಕಾರು. ನಾವೂ ಹೆದರಬೇಕೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮಾ, ಮೊದಲು ಆ ಪಕ್ಕದ ಮನೆಯವರಿಗೆ ಒಂದು ಮಾತು ತಿಳಿಸಿ. ಅವರದ್ದೇನೂ ತಪ್ಪಿಲ್ಲ. ಲಾಕ್ ಮಾಡಿ, ಕೀ ಒಳಗಿಟ್ಟುಕೊಂಡು ಮಲಗಿದವರನ್ನು ಅಜಾಗರೂಕರು ಅನ್ನೋದು ಅನ್ಯಾಯ.

ಕೀ ಜೇಬಿನಲ್ಲೇ ಇದ್ದು, ಹಿಡಿ ಮುಟ್ಟಿದರೆ ಬಾಗಿಲು ತೆರೆಯುವ ಕಾರು ಹೀಗೆ ಕೆಲಸ ಮಾಡುತ್ತದೆ. ನೀವು ಹಿಡಿ ಮುಟ್ಟಿದ ಕೂಡಲೇ ಕಾರು ಸಣ್ಣ ಸಿಗ್ನಲ್ ಒಂದನ್ನು ಬಿಡುತ್ತದೆ. ಅದು ಒಂದೆರಡು ಮೀಟರ್ ಮಾತ್ರ ಮುಟ್ಟುತ್ತದೆ. ಕೇಳಿಸಿಕೊಂಡ ಕೀ ತನ್ನ ಗುಟ್ಟಿನ ಉತ್ತರ ಕೊಡುತ್ತದೆ. ಉತ್ತರ ಬಂತು ಅಂದರೆ ಕೀ ಹತ್ತಿರದಲ್ಲೇ ಇದೆ ಎಂದು ಕಾರು ನಂಬುತ್ತದೆ. ಕಳ್ಳರು ಹಿಡಿದಿರುವುದು ಈ ನಂಬಿಕೆಯನ್ನೇ. ಒಬ್ಬ ಕಾರಿನ ಪಕ್ಕ ನಿಲ್ಲುತ್ತಾನೆ, ಇನ್ನೊಬ್ಬ ಆಂಟೆನಾ ಹಿಡಿದು ಮನೆ ಬಾಗಿಲ ಬಳಿ. ಇಬ್ಬರ ಯಂತ್ರಗಳ ಮೂಲಕ ಕಾರಿನ ಸಿಗ್ನಲ್ ಕೀಗೆ ದಾಟುತ್ತದೆ, ಕೀ ಕೊಟ್ಟ ಉತ್ತರ ಕಾರಿಗೆ. ಗುಟ್ಟಿನ ಕೋಡ್ ಒಡೆಯುವ ಕೆಲಸವೇ ಇಲ್ಲ. ಒಮ್ಮೆ ಎಂಜಿನ್ ಶುರುವಾದರೆ, ಕೀ ದೂರವಾಯಿತು ಅಂತ ಅದು ನಿಲ್ಲುವುದಿಲ್ಲ. ಓಡುವ ಕಾರು ರಸ್ತೆ ಮಧ್ಯೆ ನಿಂತರೆ ಜೀವಕ್ಕೇ ಅಪಾಯ ಅಲ್ವಾ? ಸೋಲಿಹಲ್‌ನದೇ ಇಂಥ ಒಂದು ಕಳ್ಳತನದ ಸಿಸಿಟಿವಿ ದೃಶ್ಯವನ್ನು ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2017ರಲ್ಲಿ ಹೊರಗೆ ಬಿಟ್ಟಿದ್ದರು. ಇಡೀ ಕೆಲಸ ಸುಮಾರು ಒಂದು ನಿಮಿಷದಲ್ಲಿ ಮುಗಿದಿತ್ತು.

ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು 2011ರಲ್ಲೇ ತೋರಿಸಿದ್ದರು. 8 ಕಂಪನಿಗಳ 10 ಮಾದರಿಯ ಕಾರುಗಳ ಮೇಲೆ ಪ್ರಯೋಗ ಮಾಡಿದರು, ಹತ್ತೂ ಮೋಸ ಹೋದವು. ಅದಾದ ಮೇಲೂ ಕಾರು ಕಂಪನಿಗಳು ವರ್ಷಗಟ್ಟಲೆ ಅದೇ ಬಗೆಯ ಕೀ ಮಾರಿದವು. ಆಟೋ ಎಲೆಕ್ಟ್ರಿಕಲ್ ಕೆಲಸದಲ್ಲೇ ವಯಸ್ಸು ಕಳೆದ ನನಗೆ ಇದನ್ನು ಒಪ್ಪಲು ಆಗುವುದಿಲ್ಲ. ಸಿಗ್ನಲ್ ಹೋಗಿಬರಲು ಹಿಡಿದ ಸಮಯವನ್ನು ಅಳೆದು ಕೀ ನಿಜಕ್ಕೂ ಎಷ್ಟು ದೂರ ಇದೆ ಎಂದು ಕಂಡುಹಿಡಿಯುವ ಅಲ್ಟ್ರಾ ವೈಡ್ ಬ್ಯಾಂಡ್ ಕೀಗಳು ಈಗ ಕೆಲವು ಕಾರುಗಳಲ್ಲಿ ಬಂದಿವೆ. ಇದೇ ಸರಿಯಾದ ದಾರಿ. ಅಲುಗಾಡದೆ ಇಟ್ಟಾಗ ತಾನೇ ಮಲಗಿಬಿಡುವ, ಅಂದರೆ ಸಿಗ್ನಲ್‌ಗೆ ಉತ್ತರ ಕೊಡುವುದನ್ನೇ ನಿಲ್ಲಿಸುವ ಕೀಗಳೂ ಇವೆ. ಹೊಸ ಕಾರು ಕೊಳ್ಳುವಾಗ ಇವೆರಡರಲ್ಲಿ ಒಂದಾದರೂ ಇದೆಯಾ ಅಂತ ಬಾಯಿ ಬಿಟ್ಟು ಕೇಳಿ.

ಇನ್ನು ಡಬ್ಬಿಯ ವಿಷಯ. ತಗಡಿನ ಡಬ್ಬಿಯಾದರೆ ಕೆಲಸ ಮಾಡಬಹುದು, ಮಾಡದೆಯೂ ಇರಬಹುದು. ಮುಚ್ಚಳದ ಸಂದಿಯೇ ಸಾಕು ಸಿಗ್ನಲ್ ನುಸುಳಲು. ಪರೀಕ್ಷೆ ಸುಲಭ. ಕೀ ಹಾಕಿದ ಡಬ್ಬಿಯನ್ನು ಬಾಗಿಲ ಹಿಡಿಗೆ ಒತ್ತಿಕೊಂಡು ನಿಂತು ಹಿಡಿ ಮುಟ್ಟಲು ಮಗಳಿಗೆ ಹೇಳಿ. ಬಾಗಿಲು ತೆರೆದರೆ ಆ ಡಬ್ಬಿ ಬಿಸ್ಕತ್ತಿಗೇ ಇರಲಿ. ಇದಕ್ಕೆಂದೇ ಸಿಗ್ನಲ್ ತಡೆಯುವ ಫ್ಯಾರಡೇ ಪೌಚ್ ಸಿಗುತ್ತದೆ. ಅದರ ಒಳಪದರ ಮಡಚಿ ಮಡಚಿ ಸವೆಯುತ್ತದೆ, ಹಾಗಾಗಿ ಅದನ್ನೂ ಆಗಾಗ ಹೀಗೇ ಪರೀಕ್ಷಿಸಬೇಕು. ಸ್ಪೇರ್ ಕೀಯನ್ನೂ ಪೌಚ್‌ನಲ್ಲಿಡಲಿ. ಎಷ್ಟೋ ಜನ ಮರೆಯುವುದು ಅದನ್ನೇ. ಮೈಕ್ರೋವೇವ್‌ನಲ್ಲಂತೂ ಇಡಬೇಡಿ, ಯಾರಾದರೂ ನೋಡದೆ ಆನ್ ಮಾಡಿದರೆ ಕೀ ಸುಟ್ಟುಹೋಗುತ್ತದೆ. ಟೊಯೋಟಾದ ಕೆಲವು ಕೀಗಳಲ್ಲಿ ಲಾಕ್ ಒತ್ತಿ ಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ಕೀ ಮಲಗುತ್ತದೆ. ಕಾರಿನ ಮ್ಯಾನುಯಲ್ ಒಮ್ಮೆ ತೆರೆದು ನೋಡಲಿ.

ಪೌಚ್ ಜೊತೆಗೆ ಸ್ಟೀರಿಂಗ್‌ಗೆ ಹಾಕುವ ಕಬ್ಬಿಣದ ಲಾಕ್ ಒಂದು ಕೊಳ್ಳಲಿ. ಯಾಕೆಂದರೆ ಬ್ರಿಟನ್‌ನಲ್ಲಿ ಕೀ ಗೊಡವೆಗೇ ಹೋಗದೆ, ಹೆಡ್‌ಲೈಟ್ ಹಿಂದಿನ ವೈರ್‌ಗೆ ಯಂತ್ರ ಸಿಕ್ಕಿಸಿ ಕಾರು ತೆರೆಯುವ ಕಳ್ಳರೂ ಇದ್ದಾರೆ. ಅವರ ಮುಂದೆ ಪೌಚ್ ನಡೆಯದು.

ನಿಮ್ಮ ಕಾರಿನ ಬಗ್ಗೆ: ಕೀ ಜೇಬಿನಲ್ಲಿಟ್ಟುಕೊಂಡು ಹಿಡಿ ಮುಟ್ಟಿದರೆ ಬಾಗಿಲು ತೆರೆಯುತ್ತದೆಯೇ? ಹಾಗಿದ್ದರೆ ಅಪಾಯ ನಿಮಗೂ ಇದೆ. ರಾತ್ರಿ ಕಾರು ಬೀದಿಯಲ್ಲಿ ನಿಲ್ಲುವುದಾದರೆ ಎರಡೂ ಕೀಗೆ ಪೌಚ್ ತನ್ನಿ. ರಿಮೋಟ್ ಬಟನ್ ಒತ್ತಿಯೇ ತೆರೆಯಬೇಕಾದ ಕಾರಾದರೆ ಬಾಗಿಲು ತೆರೆಯಲು ಈ ಉಪಾಯ ನಡೆಯುವುದಿಲ್ಲ. ಆದರೆ ಪಾರ್ಕಿಂಗ್‌ನಲ್ಲಿ ಜಾಮರ್ ಹಿಡಿದು ಲಾಕ್ ಸಿಗ್ನಲ್ಲನ್ನೇ ತಡೆಯುವವರಿದ್ದಾರೆ. ಬಟನ್ ಒತ್ತಿ ಸುಮ್ನೆ ನಡೆದುಬಿಡಬೇಡಿ, ಒಮ್ಮೆ ಹಿಡಿ ಎಳೆದು ನೋಡಿ. ಸ್ಟೀರಿಂಗ್ ಲಾಕ್ ನಿಮಗೂ ಬೇಕು: ದೆಹಲಿಯಲ್ಲಿ ಸಿಕ್ಕಿಬಿದ್ದ ಕೆಲವು ತಂಡಗಳು ಒಳನುಗ್ಗಿ, ಯಂತ್ರ ಜೋಡಿಸಿ, ಹೊಸ ಕೀಯನ್ನೇ ತಯಾರಿಸುತ್ತಿದ್ದವು. ಕೊನೆಯದಾಗಿ, ಕಾರು ಕಳುವಾದರೆ ಇಲ್ಲಿನ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಮೂಲ ಕೀ ಕೇಳುತ್ತವೆ. ನಿಮ್ಮ ಎರಡನೆಯ ಕೀ ಎಲ್ಲಿದೆ ಎಂದು ಇವತ್ತೇ ಹುಡುಕಿಡಿ.