ಬಿಸಿಯಾದಾಗ ಮಾತ್ರ ತಪ್ಪುವ ಪ್ರೋಗ್ರಾಂ: ದೋಷ ಚಿಪ್‌ನದೇ?

ಬೋರ್ಡ್ ಬಿಸಿಯಾದಾಗ ಮಾತ್ರ ನಿಮ್ಮ ಪ್ರೋಗ್ರಾಂ ತಪ್ಪುತ್ತದೆ, ಚಿಪ್‌ನ ವಿಶ್ವಾಸಾರ್ಹತೆಯ ಬಗ್ಗೆ ಓದಲೇ ಅಥವಾ ಪ್ರೊಸೆಸರ್‌ನ ಆಜ್ಞೆಗಳನ್ನೇ ನೇರವಾಗಿ ಬರೆಯುವ ಅಸೆಂಬ್ಲಿ ಭಾಷೆ ಕಲಿಯಲೇ ಎಂದು ಕೇಳಿದ್ದೀರಿ. 2018ರಲ್ಲಿ ಧಾರವಾಡದಿಂದ ಪುಣೆಗೆ ಬಂದು, ಭೋಸರಿಯ ಸಣ್ಣ ಕಂಪನಿಯೊಂದರಲ್ಲಿ ಮೋಟಾರ್ ನಿಯಂತ್ರಕಕ್ಕೆ ಫರ್ಮ್‌ವೇರ್, ಅಂದರೆ ಅದರ ಚಿಪ್‌ನೊಳಗೇ ಓಡುವ ಪ್ರೋಗ್ರಾಂ, ಬರೆಯುತ್ತಿದ್ದಾಗ ನಾನೂ ಇದೇ ಸುಳಿಯಲ್ಲಿ ಸಿಕ್ಕಿದ್ದೆ.

ನಮ್ಮದು ಕಾರ್ಟೆಕ್ಸ್ ಎಂ7 ಪ್ರೊಸೆಸರ್. ಮೇಜಿನ ಮೇಲೆ ದಿನಗಟ್ಟಲೆ ಸರಿಯಾಗಿ ಓಡುತ್ತಿದ್ದ ಬೋರ್ಡ್, ಬಿಸಿ ಮಾಡಿ ಪರೀಕ್ಷಿಸುವ ಥರ್ಮಲ್ ಚೇಂಬರ್‌ನಲ್ಲಿ 70 ಡಿಗ್ರಿ ದಾಟಿದೊಡನೆ ಮೋಟಾರಿನ ವೇಗವನ್ನು ತಾನಾಗಿಯೇ ಹಳೆಯ ಮೌಲ್ಯಕ್ಕೆ ಇಳಿಸುತ್ತಿತ್ತು. ಮೂರು ಬೋರ್ಡುಗಳಲ್ಲೂ ಹೀಗೇ ಆದದ್ದರಿಂದ ಚಿಪ್‌ಗಳ ಇಡೀ ಬ್ಯಾಚೇ ಕೆಟ್ಟದ್ದೆಂದು ವರದಿ ಬರೆದೆ. ಕೆಪಾಸಿಟರ್ ಬದಲಿಸುವುದರಲ್ಲಿ, ಹೊಸ ಚಿಪ್‌ಗಳನ್ನು ಬೆಸುಗೆ ಹಾಕಿಸುವುದರಲ್ಲಿ ಆರು ವಾರ ಕಳೆದವು.

ತಪ್ಪು ನನ್ನದೇ ಆಗಿತ್ತು. ತಾಪಮಾನದ ಸೆನ್ಸರ್‌ನ ದತ್ತಾಂಶವನ್ನು ಡಿಎಂಎ, ಅಂದರೆ ಪ್ರೊಸೆಸರ್‌ನ ನೆರವಿಲ್ಲದೆ ದತ್ತಾಂಶ ಸಾಗಿಸುವ ಭಾಗ, ನೇರವಾಗಿ ಮುಖ್ಯ ಮೆಮೊರಿಗೆ ತುಂಬುತ್ತದೆ. ಪ್ರೊಸೆಸರ್ ತನ್ನ ಬಳಿ ಮೆಮೊರಿಯ ಪ್ರತಿಗಳನ್ನು ಇಟ್ಟುಕೊಳ್ಳುವ ವೇಗದ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲಿ ಹಳೆಯ ಪ್ರತಿ ಉಳಿದಿರಬಹುದಾದ್ದರಿಂದ, ಓದುವ ಮುನ್ನ ಅಷ್ಟು ಭಾಗವನ್ನು ಇನ್‌ವ್ಯಾಲಿಡೇಟ್ ಮಾಡಬೇಕು, ಅಂದರೆ ಆ ಪ್ರತಿಯನ್ನು ರದ್ದುಮಾಡಬೇಕು. ಅದನ್ನು ಮಾಡಿಯೂ ಇದ್ದೆ. ಆದರೆ ಆ ಆಜ್ಞೆ ನಾವು ಹೇಳಿದಷ್ಟೇ ಬೈಟುಗಳನ್ನು ಮುಟ್ಟುವುದಿಲ್ಲ, ಕ್ಯಾಶ್‌ನ 32 ಬೈಟುಗಳ ಇಡೀ ಸಾಲನ್ನೇ ಕಿತ್ತೊಗೆಯುತ್ತದೆ. ಸೆನ್ಸರ್‌ನ ದತ್ತಾಂಶಕ್ಕೆ ಮೆಮೊರಿಯಲ್ಲಿ ಕಾಯ್ದಿರಿಸಿದ್ದ ಜಾಗ, ಅಂದರೆ ನನ್ನ ಬಫರ್, ಅಂಥ ಒಂದು ಸಾಲಿನ ನಡುವಿನಿಂದ ಆರಂಭವಾಗುತ್ತಿತ್ತು, ಅದೇ ಸಾಲಿನ ಮೊದಲ ಭಾಗದಲ್ಲಿ ಗುರಿವೇಗದ ವೇರಿಯಬಲ್ ಇತ್ತು. ಪ್ರೊಸೆಸರ್ ಬರೆದ ಹೊಸ ವೇಗ ಮೆಮೊರಿಯನ್ನು ತಲುಪುವ ಮೊದಲೇ ನಾನು ಸಾಲನ್ನು ಕಿತ್ತೊಗೆದಾಗ ಹೊಸದು ಅಳಿದು, ಮೆಮೊರಿಯಲ್ಲಿದ್ದ ಹಳೆಯದು ಮರಳುತ್ತಿತ್ತು. ಶಾಖಕ್ಕೂ ಇದಕ್ಕೂ ಇದ್ದ ನಂಟನ್ನು ಕಟ್ಟಿದವನೂ ನಾನೇ: 70 ಡಿಗ್ರಿಯ ಮೇಲೆ ತಾಪಮಾನವನ್ನು ಸೆಕೆಂಡಿಗೆ 1ರ ಬದಲು 100 ಬಾರಿ ಓದುವಂತೆ ಬರೆದಿದ್ದೆ. ನಿಧಾನವಾಗಿ ಓದುವಾಗ, ಉಳಿದ ಕೋಡ್‌ಗೆ ಕ್ಯಾಶ್‌ನಲ್ಲಿ ಜಾಗ ಬೇಕಾಗಿ ಆ ಸಾಲು ಅಷ್ಟರಲ್ಲಿ ಮೆಮೊರಿಗೆ ಇಳಿದಿರುತ್ತಿತ್ತು. 100 ಬಾರಿ ಓದುವಾಗ ಅದಕ್ಕೆ ಸಮಯವೇ ಸಿಗುತ್ತಿರಲಿಲ್ಲ. ಏನಾಗುತ್ತಿದೆ ಎಂದು ನೋಡಲು ಪ್ರಿಂಟ್ ಆಜ್ಞೆ ಸೇರಿಸಿದಾಗಲೆಲ್ಲ ದೋಷ ಮಾಯವಾಗುತ್ತಿತ್ತು, ಏಕೆಂದರೆ ಪ್ರೋಗ್ರಾಂನ ಭಾಗಗಳಿಗೆ ಮೆಮೊರಿಯಲ್ಲಿ ವಿಳಾಸ ಕೊಡುವ ಲಿಂಕರ್ ಬಫರನ್ನು ಬೇರೆ ವಿಳಾಸಕ್ಕೆ ಸರಿಸುತ್ತಿತ್ತು. ಆ ವೇರಿಯಬಲನ್ನು ವೋಲಟೈಲ್ ಎಂದು ಘೋಷಿಸಿಯೂ ನೋಡಿದ್ದೆ; ಅದು ನಮ್ಮ ಕೋಡನ್ನು ಚಿಪ್‌ನ ಆಜ್ಞೆಗಳಾಗಿಸುವ ಕಂಪೈಲರ್‌ಗೆ ಕೊಡುವ ಸೂಚನೆ, ಕ್ಯಾಶ್‌ಗೆ ಅದರ ಗೊಡವೆಯೇ ಇಲ್ಲ.

ಆದ್ದರಿಂದ ಇದೋ ಅದೋ ಎಂಬ ನಿಮ್ಮ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಚಿಪ್‌ಗಳಲ್ಲೂ ದೋಷವಿರುತ್ತದೆ ನಿಜ. 1994ರಲ್ಲಿ ಇಂಟೆಲ್‌ನ ಪೆಂಟಿಯಂ ಪ್ರೊಸೆಸರ್‌ನ ಭಾಗಾಕಾರದ ಕೋಷ್ಟಕದಲ್ಲಿ ಕೆಲವು ನಮೂದುಗಳು ಬಿಟ್ಟುಹೋಗಿದ್ದು ಬಯಲಾಗಿ ಇಂಟೆಲ್ 47.5 ಕೋಟಿ ಡಾಲರ್ ಹೊರೆ ಹೊರಬೇಕಾಯಿತು. ಆದರೆ ಅಂಥ ವಿನ್ಯಾಸದ ದೋಷ ತಣ್ಣಗಿದ್ದರೂ ಬಿಸಿಯಾದರೂ ಅದೇ ಭಾಗಾಕಾರಕ್ಕೆ ಅದೇ ತಪ್ಪು ಉತ್ತರ ಕೊಡುತ್ತದೆ. ಎಲೆಕ್ಟ್ರೋಮೈಗ್ರೇಶನ್‌ನಿಂದ, ಅಂದರೆ ಹರಿಯುವ ವಿದ್ಯುತ್ತು ಲೋಹದ ಕಣಗಳನ್ನು ಮೆಲ್ಲಗೆ ಸರಿಸುವುದರಿಂದ, ಚಿಪ್‌ನೊಳಗಿನ ತಂತಿ ಸವೆಯಲು ವರ್ಷಗಳು ಬೇಕು, ಸವೆದದ್ದು ತಣ್ಣಗಾದ ಮೇಲೆ ಮೊದಲಿನಂತಾಗುವುದಿಲ್ಲ. ಬಿಸಿಯಲ್ಲಿ ಸರ್ಕ್ಯೂಟ್‌ನ ವೇಗ ತಗ್ಗಿ, ಚಿಪ್‌ನ ಕೆಲಸಕ್ಕೆ ತಾಳ ಹಾಕುವ ಕ್ಲಾಕ್‌ಗಿಂತ ಹಿಂದೆ ಬೀಳುತ್ತಿದೆ ಎಂಬ ಅನುಮಾನವಿದ್ದರೆ ಕ್ಲಾಕನ್ನು ಅರ್ಧಕ್ಕೆ ಇಳಿಸಿ ನೋಡಿ. ನಾನು ಇಳಿಸಿದಾಗಲೂ ದೋಷ ಹಾಗೆಯೇ ಇತ್ತು, ಆ ಸುಳಿವನ್ನು ಕಡೆಗಣಿಸಿದೆ.

ನಿಮ್ಮ ಪ್ರೊಸೆಸರ್‌ನಲ್ಲೂ 32 ಬೈಟಿನ ಕ್ಯಾಶ್ ಸಾಲು ಇದ್ದರೆ, ವಿಳಾಸಗಳ ಪಟ್ಟಿಯಿರುವ ಲಿಂಕರ್‌ನ ಮ್ಯಾಪ್ ಫೈಲ್ ತೆರೆದು ಪ್ರತಿ ಡಿಎಂಎ ಬಫರ್‌ನ ವಿಳಾಸ ನೋಡಿ. ಹೆಕ್ಸ್ ವಿಳಾಸದ ಕೊನೆಯ ಅಂಕೆ ಸೊನ್ನೆಯಾಗಿ, ಅದರ ಹಿಂದಿನದು ಸಮಸಂಖ್ಯೆಯಾಗಿ ಇರದಿದ್ದರೆ, ಅಥವಾ ಬಫರ್‌ನ ಗಾತ್ರ 32ರ ಗುಣಕವಲ್ಲದಿದ್ದರೆ, ಮೊದಲು ಅದನ್ನು ಸರಿಪಡಿಸಿ. ಬೆಸುಗೆ ಹಾಕುವವರನ್ನು ಕರೆಯುವುದು ಅದಾದ ಮೇಲಿರಲಿ.