ಓದುಗರ ಪ್ರಶ್ನೆ: ರಾಕೆಟ್ಟಿನಿಂದ ಇಳಿದು ಬಂದ ಮಾತುಗಳು

ಚುನಾವಣೆಗೆ ಕೌಂಟ್‌ಡೌನ್, ಹಣದುಬ್ಬರಕ್ಕೆ ಸಾಫ್ಟ್ ಲ್ಯಾಂಡಿಂಗ್, ಮಂತ್ರಿಗಳ ಮಗನಿಗೆ ಲಾಂಚ್ ಪ್ಯಾಡ್. ಬಾಹ್ಯಾಕಾಶದಿಂದ ದಿನಬಳಕೆಗೆ ಬಂದ ಮಾತುಗಳ ಬಗೆಗಿನ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಚಂದ್ರಯಾನ-3ಕ್ಕೆ ಇಪ್ಪತ್ತೈದೂವರೆ ಗಂಟೆಯ ಕೌಂಟ್‌ಡೌನ್ ಎಂದು ಟಿವಿಯಲ್ಲಿ ಹೇಳಿದ್ದರು. ಅಷ್ಟು ಹೊತ್ತು ಹಿಂದಕ್ಕೆ ಎಣಿಸುವುದಾದರೂ ಏಕೆ? ಎಣಿಸದಿದ್ದರೆ ರಾಕೆಟ್ ಏಳುವುದಿಲ್ಲವೇ?
— ತಿಪಟೂರಿನ ಓದುಗರು

ಉತ್ತರ: ಬಾಯಿಬಿಟ್ಟು ಎಣಿಸುವುದು ಕೊನೆಯ ಕೆಲವು ಸೆಕೆಂಡು ಮಾತ್ರ, ಅದೂ ಮುಖ್ಯವಾಗಿ ನೋಡುವವರಿಗಾಗಿ. ಉಳಿದದ್ದೆಲ್ಲ ಕೆಲಸದ ಪಟ್ಟಿ. ಉಡಾವಣೆಯ ಕ್ಷಣವನ್ನು ಸೊನ್ನೆ ಎಂದು ಇಟ್ಟುಕೊಂಡು, ಯಾವ ಕೆಲಸ ಅದಕ್ಕೆ ಎಷ್ಟು ಮೊದಲು ಮುಗಿದಿರಬೇಕು ಎಂದು ಗೊತ್ತುಮಾಡಿರುತ್ತಾರೆ. 'ಟಿ ಮೈನಸ್' ಎಂದರೆ ಇದೇ.

ಚಂದ್ರಯಾನ-3 ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ಟನ್ನೇ ನೋಡಿ. ಅಕ್ಕಪಕ್ಕದ ಎರಡು ಎಸ್‌200 ಮೋಟಾರುಗಳಲ್ಲಿ ತಲಾ 200 ಟನ್ನಿಗೂ ಹೆಚ್ಚು ಘನ ಇಂಧನ ಮೊದಲೇ ಎರಕ ಹೊಯ್ದುಕೊಂಡು ಬಂದಿರುತ್ತದೆ. ಅಲ್ಲಿ ತುಂಬುವುದೇನೂ ಇಲ್ಲ. ನಡುವಿನ ಎಲ್‌110 ಹಂತದ ಇಂಧನ, ಅದನ್ನು ಉರಿಸುವ ಆಕ್ಸಿಡೈಸರ್ ಎರಡೂ ಸಾಮಾನ್ಯ ತಾಪಮಾನದಲ್ಲಿ ದ್ರವವಾಗಿಯೇ ಇರುತ್ತವೆ, ಆದ್ದರಿಂದ ಸಾಕಷ್ಟು ಮುಂಚೆ ತುಂಬಿಟ್ಟರೂ ನಡೆಯುತ್ತದೆ. ತಲೆನೋವು ಮೇಲಿನ ಸಿ25 ಕ್ರಯೋಜೆನಿಕ್ ಹಂತದ್ದು. ದ್ರವ ಆಕ್ಸಿಜನ್ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದ್ರವ ಹೈಡ್ರೋಜನ್ ಮೈನಸ್ 253ರಲ್ಲಿ ಕುದಿಯುತ್ತದೆ. ಬೆಚ್ಚಗಿನ ಪೈಪಿಗೆ ಸುರಿದರೆ ಅಲ್ಲೇ ಆವಿ. ಹಾಗಾಗಿ ಮೊದಲು ಪೈಪು, ಟ್ಯಾಂಕುಗಳನ್ನು ತಣಿಸಬೇಕು, ಆಮೇಲೆ ತುಂಬಬೇಕು, ಆವಿಯಾಗಿ ಹೋದಷ್ಟನ್ನು ಮತ್ತೆ ಮತ್ತೆ ಭರ್ತಿ ಮಾಡುತ್ತಿರಬೇಕು. ಈ ಕೆಲಸ ಕೊನೆಯ ಗಂಟೆಗಳಿಗೆ ಬೀಳುತ್ತದೆ. ಇದರ ನಡುವೆ ಬ್ಯಾಟರಿ, ರೇಡಿಯೊ ಸಂಪರ್ಕ, ವಾಲ್ವ್, ಗಾಳಿಯ ವೇಗ ಎಲ್ಲದರ ತಪಾಸಣೆ ನಡೆದಿರುತ್ತದೆ. ಕೊನೆಗೆ ಮಿಷನ್ ಡೈರೆಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಹಿಡಿತ ಕಂಪ್ಯೂಟರಿನ ಕೈಗೆ ಹೋಗುತ್ತದೆ.

ಈ ಗಡಿಯಾರ ನಿಲ್ಲಬಲ್ಲದು ಎಂಬುದೇ ಅದರ ಗುಣ. ಅಮೆರಿಕದ ಸ್ಪೇಸ್ ಶಟಲ್‌ನ ಕೌಂಟ್‌ಡೌನ್ ಟಿ ಮೈನಸ್ 43 ಗಂಟೆಗೆ ಶುರುವಾದರೂ ಮುಗಿಯಲು ಮೂರು ದಿನದ ಹತ್ತಿರ ಹಿಡಿಯುತ್ತಿತ್ತು. ತಡವಾದ ಕೆಲಸ ಮುಗಿಸಿಕೊಳ್ಳಲೆಂದೇ ನಡುನಡುವೆ ಗಡಿಯಾರ ನಿಲ್ಲಿಸುವ ವಿರಾಮಗಳನ್ನು ಇಟ್ಟಿದ್ದರು. ಚಂದ್ರಯಾನ-2ರ ಮೊದಲ ಯತ್ನವನ್ನು 2019ರ ಜುಲೈ 15ರ ನಸುಕಿನಲ್ಲಿ, ಇನ್ನು 56 ನಿಮಿಷ 24 ಸೆಕೆಂಡು ಇರುವಾಗ ನಿಲ್ಲಿಸಿದರು. ಅದು ಹಾರಿದ್ದು ಜುಲೈ 22ಕ್ಕೆ. ಗಗನಯಾನದ ಮೊದಲ ಪರೀಕ್ಷಾ ವಾಹನವನ್ನು 2023ರ ಅಕ್ಟೋಬರ್ 21ರಂದು ಕಂಪ್ಯೂಟರೇ 5 ಸೆಕೆಂಡು ಇರುವಾಗ ತಡೆಯಿತು. ದೋಷ ಹುಡುಕಿ ಸರಿಪಡಿಸಿ ಅದೇ ದಿನ ಬೆಳಿಗ್ಗೆ 10ಕ್ಕೆ ಹಾರಿಸಿದರು. ನಮ್ಮ ಸುದ್ದಿವಾಹಿನಿಗಳ 'ಫಲಿತಾಂಶಕ್ಕೆ ಕೌಂಟ್‌ಡೌನ್' ಮಾತ್ರ ಯಾರು ಹೇಳಿದರೂ ನಿಲ್ಲುವುದಿಲ್ಲ. ಅದು ಬರೀ ಕಾಯುವಿಕೆ.

ಇನ್ನು, ಎಣಿಸದಿದ್ದರೆ ಏಳುವುದಿಲ್ಲವೇ ಎಂದರೆ, ಧಾರಾಳವಾಗಿ ಏಳುತ್ತದೆ. ರಷ್ಯನ್ನರ ಸೊಯುಜ್ ಉಡಾವಣೆಯಲ್ಲಿ ಹತ್ತರಿಂದ ಸೊನ್ನೆಗೆ ಇಳಿಯುವ ಕೂಗು ಇಲ್ಲ. 'ಕೀಲಿ ಸ್ಟಾರ್ಟಿಗೆ', 'ಕೀಲಿ ಡ್ರೇನೇಜಿಗೆ', 'ಪುಸ್ಕ್' (ಉಡಾವಣೆ), 'ಉರಿ' ಎಂಬಂಥ ಆಜ್ಞೆಗಳು ಒಂದಾದ ಮೇಲೊಂದು ಬರುತ್ತವೆ. ಸೊನ್ನೆಗೆ ಇಳಿಯುವ ಎಣಿಕೆಯನ್ನು ಜನಪ್ರಿಯಗೊಳಿಸಿದ್ದು 1929ರ ಒಂದು ಜರ್ಮನ್ ಮೂಕಿ ಸಿನಿಮಾ. ಅದಕ್ಕೆ ಸಲಹೆಗಾರರಾಗಿದ್ದವರು ರಾಕೆಟ್ ತಜ್ಞ ಹರ್ಮನ್ ಓಬರ್ತ್. ಮಾತಿಲ್ಲದ ಚಿತ್ರವಾದ್ದರಿಂದ ಅಂಕಿಗಳನ್ನು ಪರದೆಯ ಮೇಲೆ ಬರೆದು ತೋರಿಸಿದರು.

ಪ್ರಶ್ನೆ: 'ಇದೇನು ರಾಕೆಟ್ ಸೈನ್ಸಾ?' ಎನ್ನುತ್ತೇವಲ್ಲ, ರಾಕೆಟ್ ಸೈನ್ಸ್ ನಿಜವಾಗಿ ಅಷ್ಟು ಕಷ್ಟವೇ?
— ಶಿರಸಿಯ ಓದುಗರು

ಉತ್ತರ: ಸೈನ್ಸ್ ಅಷ್ಟೇನಿಲ್ಲ. ರಾಕೆಟ್ಟಿನ ಮೂಲ ಸಮೀಕರಣವನ್ನು ರಷ್ಯದ ವಿಜ್ಞಾನಿ ಸಿಯೊಲ್ಕೊವ್‌ಸ್ಕಿ 1903ರಲ್ಲೇ ಪ್ರಕಟಿಸಿದರು, ಪಿಯುಸಿ ಗಣಿತ ಬಲ್ಲವರಿಗೆ ಅದು ಅರ್ಥವಾಗುತ್ತದೆ. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟುಗಳು ಅದಕ್ಕೂ ನೂರು ವರ್ಷ ಹಿಂದಿನವು. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಪಾಳು ಬಾವಿಯಿಂದಲೇ ಸಾವಿರಕ್ಕೂ ಹೆಚ್ಚು ಸಿಕ್ಕಿದವು. ಕಷ್ಟ ಇರುವುದು ವಾಲ್ವು, ಸೀಲು, ಬೆಸುಗೆಯಲ್ಲಿ. 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10 ವಿಫಲವಾದದ್ದು ಹೈಡ್ರೋಜನ್ ಟ್ಯಾಂಕಿನ ಒತ್ತಡ ಕಾಯುವ ಒಂದು ವಾಲ್ವ್ ಸೋರಿದ್ದರಿಂದ. ಒತ್ತಡ ಸಾಲದೆ ಪಂಪು ಸರಿಯಾಗಿ ಓಡಲಿಲ್ಲ, ಎಂಜಿನ್‌ಗೆ ಇಂಧನ ಸಿಗಲಿಲ್ಲ. 'ಇದೇನು ರಾಕೆಟ್ ಪ್ಲಂಬಿಂಗಾ?' ಎಂದು ಕೇಳಿದರೆ ಹೆಚ್ಚು ಸರಿ.

ಪ್ರಶ್ನೆ: ಆಫೀಸಿನಲ್ಲಿ ಸರ್ವರ್ ಕೈಕೊಟ್ಟರೆ ಸಹೋದ್ಯೋಗಿಗಳು 'ಹ್ಯೂಸ್ಟನ್, ವಿ ಹ್ಯಾವ್ ಎ ಪ್ರಾಬ್ಲಂ' ಎನ್ನುತ್ತಾರೆ. ಇದನ್ನು ಹೇಳಿದ್ದು ಯಾರು? ಆಗ ಆಗಿದ್ದೇನು?
— ಬೆಂಗಳೂರಿನ ಓದುಗರು

ಉತ್ತರ: ಈ ರೂಪದಲ್ಲಿ ಗಗನನೌಕೆಯಿಂದ ಯಾರೂ ಹೇಳಲಿಲ್ಲ. 1970ರ ಏಪ್ರಿಲ್ 13ರ ರಾತ್ರಿ, ನಾಸಾದ ನಿಯಂತ್ರಣ ಕೇಂದ್ರವಿರುವ ಹ್ಯೂಸ್ಟನ್ನಿನ ಗಡಿಯಾರದಲ್ಲಿ 9 ಗಂಟೆ 8 ನಿಮಿಷಕ್ಕೆ, ಚಂದ್ರನತ್ತ ಹೊರಟಿದ್ದ ಅಪೊಲೊ 13ರಿಂದ ಗಗನಯಾತ್ರಿ ಜಾಕ್ ಸ್ವೈಗರ್ಟ್ 'ಇಲ್ಲೊಂದು ತೊಂದರೆಯಾಗಿದೆ' ಎಂಬರ್ಥದಲ್ಲಿ 'ವಿ ಹ್ಯಾವ್ ಹ್ಯಾಡ್ ಎ ಪ್ರಾಬ್ಲಂ ಹಿಯರ್' ಎಂದರು. ನೆಲದಲ್ಲಿದ್ದ ಜಾಕ್ ಲೂಸ್ಮಾ ಇನ್ನೊಮ್ಮೆ ಹೇಳಿ ಎಂದಾಗ ಕಮಾಂಡರ್ ಜಿಮ್ ಲೊವೆಲ್ ಅದನ್ನೇ ಹೇಳಿ, 'ಮೇನ್ ಬಿ ಬಸ್ ಅಂಡರ್‌ವೋಲ್ಟ್' ಎಂದು ಸೇರಿಸಿದರು. ನೌಕೆಗೆ ವಿದ್ಯುತ್ ಹಂಚುವ ಎರಡು ಮುಖ್ಯ ಲೈನುಗಳಲ್ಲಿ ಒಂದರ ವೋಲ್ಟೇಜ್ ಕುಸಿದಿದೆ ಎಂದು ಅರ್ಥ. 'ವಿ ಹ್ಯಾವ್' ಎಂಬ ರೂಪ ಮನೆಮಾತಾದದ್ದು 1995ರ 'ಅಪೊಲೊ 13' ಸಿನಿಮಾದಿಂದ. ಎಲ್ಲರಿಗೂ ನೆನಪಿರುವುದು ಮೊದಲ ವಾಕ್ಯ. ನೆಲದಲ್ಲಿದ್ದವರಿಗೆ ಕೆಲಸಕ್ಕೆ ಬಂದದ್ದು ಎರಡನೆಯದು.

ಆದದ್ದು ಇಷ್ಟು. ಆಕ್ಸಿಜನ್ ಟ್ಯಾಂಕಿನೊಳಗಿನ ಫ್ಯಾನು ತಿರುಗಿಸಿ ಕಲಕಲು ನೆಲದಿಂದ ಸೂಚನೆ ಬಂತು. ಸ್ವೈಗರ್ಟ್ ಸ್ವಿಚ್ ಒತ್ತಿದರು. ಒಂದೂವರೆ ನಿಮಿಷದಲ್ಲಿ 2ನೇ ಟ್ಯಾಂಕ್ ಸಿಡಿಯಿತು. ಆಗ ಅವರು ಭೂಮಿಯಿಂದ ಸುಮಾರು 3,20,000 ಕಿ.ಮೀ. ದೂರದಲ್ಲಿದ್ದರು. ಆಕ್ಸಿಜನ್ ಬಳಸಿ ವಿದ್ಯುತ್ ತಯಾರಿಸುವ ಮೂರು ಫ್ಯುಯೆಲ್ ಸೆಲ್‌ಗಳಲ್ಲಿ ಎರಡು ಬೇಗನೆ ಸತ್ತವು. ಮೂವರೂ ಚಂದ್ರನ ಮೇಲೆ ಇಳಿಯಲೆಂದಿದ್ದ ಪುಟ್ಟ ನೌಕೆಗೆ ಸೇರಿಕೊಂಡು ಚಂದ್ರನನ್ನು ಸುತ್ತಿ ಏಪ್ರಿಲ್ 17ಕ್ಕೆ ಮರಳಿದರು.

ತಪ್ಪಿನ ಬೇರು ಇದ್ದದ್ದು ನೆಲದಲ್ಲೇ. ಟ್ಯಾಂಕಿನ ಹೀಟರಿಗೆ ಕೂರಿಸಿದ್ದ ಥರ್ಮೋಸ್ಟಾಟ್ ಸ್ವಿಚ್‌ಗಳು 28 ವೋಲ್ಟಿನವು. ಉಡಾವಣಾ ಕೇಂದ್ರದ ಸರಬರಾಜು 65 ವೋಲ್ಟ್. 65ಕ್ಕೆ ಹೊಂದಿಸಬೇಕೆಂದು ವಿವರಪಟ್ಟಿ ಬದಲಾಗಿತ್ತು, ಸ್ವಿಚ್ ಬದಲಾಗಿರಲಿಲ್ಲ. ಪರೀಕ್ಷೆಯ ನಂತರ ಟ್ಯಾಂಕಿನಿಂದ ಆಕ್ಸಿಜನ್ ಹೊರಬರಲು ಒಲ್ಲದಾಗ, ಹೀಟರನ್ನು ಸುಮಾರು 8 ಗಂಟೆ ಹಾಕಿಟ್ಟು ಕುದಿಸಿ ಹೊರಹಾಕಿದರು. ಸ್ವಿಚ್ 27 ಡಿಗ್ರಿಗೆ ತೆರೆದುಕೊಳ್ಳಬೇಕಿತ್ತು. ಹೆಚ್ಚಿನ ವೋಲ್ಟೇಜಿಗೆ ಅದರ ಕಾಂಟ್ಯಾಕ್ಟುಗಳು ಬೆಸೆದುಕೊಂಡವು, ಹೀಟರ್ ಆರಲೇ ಇಲ್ಲ. ತಾಪಮಾನದ ಮೀಟರಾದರೂ ಹೇಳಬಹುದಿತ್ತು, ಆದರೆ ಅದರ ಅಳತೆ 27 ಡಿಗ್ರಿಗೇ ಮುಗಿಯುತ್ತಿತ್ತು. ಒಳಗೆ ಬಿಸಿ ಕೆಲವೆಡೆ 500 ಡಿಗ್ರಿ ದಾಟಿ, ಫ್ಯಾನಿನ ವೈರಿನ ಟೆಫ್ಲಾನ್ ಹೊದಿಕೆ ಸುಟ್ಟುಹೋಗಿತ್ತು. ಮುಂದೆ ಫ್ಯಾನ್ ಹಾಕಿದಾಗ ಕಿಡಿ ಹಾರಲು ಅಷ್ಟು ಸಾಕಾಯಿತು.

ಇದರ ಜೊತೆಗೇ ಕೇಳಿಬರುವ 'ಸೋಲೆಂಬುದು ನಮ್ಮ ಆಯ್ಕೆಯಲ್ಲ' ಎಂಬ ಡೈಲಾಗು ಕೂಡ ಅದೇ ಸಿನಿಮಾದ್ದು. ಫ್ಲೈಟ್ ಡೈರೆಕ್ಟರ್ ಜೀನ್ ಕ್ರಾನ್ಜ್ ಅಂದು ಹಾಗೆ ಹೇಳಿರಲಿಲ್ಲ. ಮಾತು ಅವರಿಗೆ ಹಿಡಿಸಿ, ಆಮೇಲೆ ತಮ್ಮ ಆತ್ಮಕಥೆಗೆ ಅದನ್ನೇ ಹೆಸರಾಗಿಟ್ಟರು.

ಪ್ರಶ್ನೆ: ಆರ್ಥಿಕ ಸುದ್ದಿಯ 'ಸಾಫ್ಟ್ ಲ್ಯಾಂಡಿಂಗ್'ಗೂ ವಿಕ್ರಮ್ ಲ್ಯಾಂಡರ್ ಇಳಿದದ್ದಕ್ಕೂ ಏನು ಸಂಬಂಧ? ಎಷ್ಟು ಮೆತ್ತಗೆ ಇಳಿದರೆ 'ಸಾಫ್ಟ್'?
— ಹುಬ್ಬಳ್ಳಿಯ ಓದುಗರು

ಉತ್ತರ: ಇಳಿದ ಮೇಲೆ ಯಂತ್ರ ಕೆಲಸ ಮಾಡುತ್ತಿದ್ದರೆ ಸಾಫ್ಟ್, ನುಚ್ಚುನೂರಾದರೆ ಹಾರ್ಡ್. ಚಂದ್ರನ ಮೇಲಿನ ಮೊದಲ ಸಾಫ್ಟ್ ಲ್ಯಾಂಡಿಂಗ್ ಸೋವಿಯತ್ ಲೂನಾ 9ರದು, 1966ರ ಫೆಬ್ರವರಿ 3ರಂದು. ಅದೇನೂ ಮೆತ್ತಗೆ ಇಳಿಯಲಿಲ್ಲ, ಗಾಳಿ ತುಂಬಿದ ಚೀಲದೊಳಗೆ ಕುಳಿತು ಪುಟಿದು ನಿಂತಿತು. ನಮ್ಮ ವಿಕ್ರಮ್‌ಗೆ ಕಾಲುಗಳಿವೆ. ಚಂದ್ರಯಾನ-2ರಲ್ಲಿ ಅವು ಸೆಕೆಂಡಿಗೆ 2 ಮೀಟರ್ ವೇಗ ತಡೆಯುವಂತಿದ್ದವು, ಚಂದ್ರಯಾನ-3ರಲ್ಲಿ ಅದನ್ನು 3 ಮೀಟರಿಗೆ ಏರಿಸಿದರು. ಮನೆಯ ಒಂದು ಮೆಟ್ಟಿಲಿನಿಂದ, ಅಂದರೆ 20 ಸೆಂ.ಮೀ. ಎತ್ತರದಿಂದ, ಕೆಳಗೆ ಹಾರಿದರೆ ಕಾಲು ನೆಲಕ್ಕೆ ಬಡಿಯುವುದು 2 ಮೀಟರ್ ವೇಗದಲ್ಲಿ. 3 ಮೀಟರಿಗೆ 46 ಸೆಂ.ಮೀ. ಎತ್ತರ ಬೇಕು.

ಚಂದ್ರನಲ್ಲಿ ಗಾಳಿ ಇಲ್ಲ, ಪ್ಯಾರಾಶೂಟ್ ಉಪಯೋಗಕ್ಕೆ ಬಾರದು. 30 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1,680 ಮೀಟರ್ ಇರುವ ವೇಗವನ್ನು ಎಂಜಿನ್ನಿನಿಂದಲೇ ತಗ್ಗಿಸಬೇಕು. 2019ರಲ್ಲಿ ಮೊದಲ ಹಂತ ಸರಿಯಾಗಿಯೇ ನಡೆದು ವೇಗ 146 ಮೀಟರಿಗೆ ಇಳಿದಿತ್ತು. ಎರಡನೆಯ ಹಂತದಲ್ಲಿ ವೇಗ ಲೆಕ್ಕಕ್ಕಿಂತ ಹೆಚ್ಚು ತಗ್ಗಿತು. ಬ್ರೇಕ್ ಕಡಿಮೆಯಾದದ್ದಲ್ಲ, ಹೆಚ್ಚಾದದ್ದು. ಮುಂದಿನ ಹಂತಕ್ಕೆ ಬೇಕಾದ ಸ್ಥಿತಿಯಲ್ಲಿ ನೌಕೆ ಇರಲಿಲ್ಲ. ಚಂದ್ರಯಾನ-3ರಲ್ಲಿ ನಡುವಿನ ಐದನೇ ಎಂಜಿನ್ ತೆಗೆದರು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿಸಿದರು, ಇಂಧನ ಹೆಚ್ಚಿಸಿದರು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಅದು ಇಳಿಯಿತು.

ಅರ್ಥಶಾಸ್ತ್ರಜ್ಞರು 1970ರ ದಶಕದಲ್ಲಿ ಈ ಮಾತನ್ನು ಎರವಲು ಪಡೆದರು. ಬಡ್ಡಿ ಏರಿಸಿ ಬೆಲೆಯೇರಿಕೆಯನ್ನು ತಗ್ಗಿಸಬೇಕು, ಆದರೆ ಉದ್ಯೋಗ, ಉತ್ಪಾದನೆ ನೆಲಕಚ್ಚಬಾರದು. ಎರವಲುಗಳಲ್ಲಿ ಇದು ನ್ಯಾಯವಾದದ್ದು ಎಂದೇ ನಮ್ಮ ಅಭಿಪ್ರಾಯ, ಏಕೆಂದರೆ ಅಲ್ಲಿಯೂ ಅತಿಯಾದ ಬ್ರೇಕಿನಿಂದಲೇ ಕೆಡುವುದುಂಟು. ಒಂದೇ ವ್ಯತ್ಯಾಸ: ಲ್ಯಾಂಡರಿಗೆ ತನ್ನ ವೇಗ ಆ ಕ್ಷಣದಲ್ಲೇ ತಿಳಿಯುತ್ತದೆ, ರಿಸರ್ವ್ ಬ್ಯಾಂಕಿಗೆ ತಿಂಗಳುಗಳ ನಂತರ.

ಪ್ರಶ್ನೆ: ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಇಂಥ ಮಾತುಗಳಿಲ್ಲವೇ?
— ಉಡುಪಿಯ ಓದುಗರು

ಉತ್ತರ: ಇವೆ. 1961ರ ಏಪ್ರಿಲ್ 12ರಂದು ರಾಕೆಟ್ ಏಳುವಾಗ ಗಗಾರಿನ್ 'ಪೊಯೆಖಲಿ' ಎಂದರು, 'ಹೊರಟೆವು' ಎಂದ ಹಾಗೆ. ಅದು ನಿಯಮದ ಮಾತಲ್ಲ, ಗಾಡಿ ಹೊರಡುವಾಗ ಆಡುವ ಮಾತು. ರಷ್ಯದಲ್ಲಿ ಇಂದಿಗೂ ಕೆಲಸ ಶುರುಮಾಡುವಾಗ, ಗ್ಲಾಸು ಎತ್ತುವಾಗ ಇದನ್ನು ಹೇಳುತ್ತಾರೆ. ನಮ್ಮಲ್ಲಿ 1984ರ ಏಪ್ರಿಲ್‌ನಲ್ಲಿ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್ 7ರಲ್ಲಿದ್ದ ರಾಕೇಶ್ ಶರ್ಮಾ ಅವರನ್ನು ಪ್ರಧಾನಿ ಇಂದಿರಾ ಗಾಂಧಿ, ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂದು ಕೇಳಿದರು. 'ಸಾರೇ ಜಹಾಂ ಸೇ ಅಚ್ಛಾ' ಎಂದು ಬಂದ ಉತ್ತರ ಇಕ್ಬಾಲರ ಹಳೆಯ ಸಾಲೇ ಆದರೂ, ಈಗ ಅರ್ಧ ಜನಕ್ಕೆ ನೆನಪಾಗುವುದು ಶರ್ಮಾ.

ಪ್ರಶ್ನೆ: 'ಲಾಂಚ್ ವಿಂಡೋ' ತಪ್ಪಿದರೆ ಎಷ್ಟು ದಿನ ಕಾಯಬೇಕು?
— ಮಂಡ್ಯದ ಓದುಗರು

ಉತ್ತರ: ಲಾಂಚ್ ವಿಂಡೋ ಎಂದರೆ ಉಡಾವಣೆಗೆ ಹೊಂದುವ ಅವಧಿ. ಅದು ತಪ್ಪಿದರೆ ಎಷ್ಟು ಕಾಯಬೇಕೆಂಬುದು ಎಲ್ಲಿಗೆ ಹೋಗುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಬಾಹ್ಯಾಕಾಶ ನಿಲ್ದಾಣಕ್ಕಾದರೆ ಸಾಮಾನ್ಯವಾಗಿ ಒಂದೆರಡು ದಿನ. ಮಂಗಳಕ್ಕಾದರೆ ಸುಮಾರು 26 ತಿಂಗಳು, ಏಕೆಂದರೆ ಕಡಿಮೆ ಇಂಧನದಲ್ಲಿ ತಲುಪುವಂತೆ ಭೂಮಿ, ಮಂಗಳ ಎರಡೂ ಹೊಂದಿ ಬರುವುದು ಅಷ್ಟಕ್ಕೊಮ್ಮೆ. ಮಂಗಳಯಾನ 2013ರ ಅಕ್ಟೋಬರ್ 28ಕ್ಕೆ ನಿಗದಿಯಾಗಿತ್ತು. ರಾಕೆಟ್ಟಿನ ಸಂಕೇತ ಹಿಡಿಯಲು ಪೆಸಿಫಿಕ್ ಸಾಗರಕ್ಕೆ ಕಳಿಸಿದ್ದ ಹಡಗು ಹವಾಮಾನ ಕೆಟ್ಟು ತಡವಾದ್ದರಿಂದ ಉಡಾವಣೆ ನವೆಂಬರ್ 5ಕ್ಕೆ ಹೋಯಿತು. ವಿಂಡೋ ನವೆಂಬರ್ 19ರವರೆಗೆ ಇತ್ತು. ಅದೂ ದಾಟಿದ್ದರೆ ಮುಂದಿನ ಅವಕಾಶ 2016ರಲ್ಲಿ.