ಬೇಸಿಗೆಯಲ್ಲೂ ಹರಿಯುವ ಹಳ್ಳಕ್ಕೆ ಕಾಂಕ್ರೀಟ್ ಹಾಕಿಸಬಹುದೇ?

ಪ್ರಶ್ನೆ: ಮೈಸೂರಿನ ರಿಂಗ್ ರೋಡ್ ಆಚೆಗಿನ ಬಡಾವಣೆಯಲ್ಲಿ ನಮ್ಮ ಮನೆ. ಹಿಂದೆಯೇ ಒಂದು ಹಳ್ಳ. ಮೊದಲು ಸಂಕ್ರಾಂತಿ ಹೊತ್ತಿಗೆ ಒಣಗುತ್ತಿತ್ತು ಎಂದು ಊರಿನ ಹಿರಿಯರು ಹೇಳುತ್ತಾರೆ. ಈಗ ಏಪ್ರಿಲ್‌ನಲ್ಲೂ ಹರಿಯುತ್ತದೆ, ನಾತ ಬೇರೆ. ಜೋರು ಮಳೆ ಬಂದರೆ ನೀರು ರಸ್ತೆಗೇ ನುಗ್ಗುತ್ತದೆ. ಗೋಡೆ ಕಟ್ಟಿಸಿ ತಳಕ್ಕೆ ಕಾಂಕ್ರೀಟ್ ಹಾಕಿಸಿದರೆ ಸೊಳ್ಳೆಯೂ ಹೋಗುತ್ತದೆ ಅಂತ ನಮ್ಮ ಸಂಘದವರು ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ: ದಯವಿಟ್ಟು ಬೇಡ. ನಿಮ್ಮ ಎರಡು ತೊಂದರೆಗೂ ಕಾರಣ ಹಳ್ಳದಲ್ಲಿಲ್ಲ, ಅದರ ಮೇಲ್ಭಾಗದಲ್ಲಿದೆ.

ಮೊದಲು ಬೇಸಿಗೆಯ ನೀರು ನೋಡೋಣ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರದ ಲೆಕ್ಕ. ಅದರಲ್ಲಿ ನೂರಕ್ಕೆ ಸುಮಾರು 80 ಭಾಗ ಬಚ್ಚಲು, ಕಕ್ಕಸಿನಿಂದ ಹೊರಬರುತ್ತದೆ. ನಾಲ್ಕು ಜನರ ಸಾವಿರ ಮನೆ ಅಂದರೆ ದಿನಕ್ಕೆ ನಾಲ್ಕು ಲಕ್ಷ ಲೀಟರ್‌ಗೂ ಜಾಸ್ತಿ. ಒಳಚರಂಡಿ ಪೂರ್ತಿ ಆಗದ ಕಡೆ ಇದು ತಗ್ಗು ಹುಡುಕಿಕೊಂಡು ಹಳ್ಳ ಸೇರುತ್ತದೆ. ನಮ್ಮ ಊರಿಗೆ ಕಾವೇರಿ, ಕಬಿನಿಯಿಂದ ಪಂಪ್ ಮಾಡಿ ತರುವ ನೀರೇ ಅಲ್ವಾ ಇದು? ಮೈಸೂರು ಏರು ನೆಲದ ಮೇಲಿದೆ. ಉತ್ತರದ ಇಳಿಜಾರು ಕಾವೇರಿಗೆ, ದಕ್ಷಿಣದ್ದು ಕಬಿನಿಗೆ. ನಿಮ್ಮ ಹಳ್ಳ ಯಾವ ಕಡೆಗೆ ಹರಿದರೂ ಕೊನೆಗೆ ತಿ. ನರಸೀಪುರದ ಸಂಗಮಕ್ಕೇ ಹೋಗಬೇಕು. ಕಾಂಕ್ರೀಟ್ ಹಾಕಿದರೆ ಕೊಳಚೆ ನಿಲ್ಲುವುದಿಲ್ಲ, ಬೇಗ ಅಲ್ಲಿಗೆ ತಲುಪುತ್ತದೆ ಅಷ್ಟೆ.

ಇನ್ನು ಮಳೆ. 50 ಮಿ.ಮೀ. ಸುರಿದರೆ ಒಂದು ಎಕರೆ ಮೇಲೆ ಎರಡು ಲಕ್ಷ ಲೀಟರ್ ಬಿದ್ದ ಹಾಗೆ. ಮೊದಲು ಅಲ್ಲಿ ರಾಗಿ ಹೊಲವಿತ್ತು, ಕೆಂಪು ಮಣ್ಣು ಕುಡಿಯುವಷ್ಟು ಕುಡಿಯುತ್ತಿತ್ತು. ಈಗ ತಾರಸಿ, ಡಾಂಬರು, ಅಂಗಳಕ್ಕೂ ಟೈಲ್ಸ್. ಬಿದ್ದ ನೀರೆಲ್ಲ ಒಟ್ಟಿಗೇ ಓಡಿಬರುತ್ತದೆ. ನಯವಾದ ಕಾಲುವೆ ಮಾಡಿದರೆ ನಿಮ್ಮ ಬೀದಿಯ ನೆರೆ ಕೆಳಗಿನ ಹಳ್ಳಿಯ ಗದ್ದೆಗೆ ಹೋಗುತ್ತದೆ. ಇಕ್ಕಟ್ಟಾದ ಮೋರಿ ಇದ್ದರೆ ನಿಮ್ಮ ಬೀದಿಗೇ ವಾಪಸ್ ಬರುತ್ತದೆ.

ಹಳ್ಳದ ಆರೋಗ್ಯ ತಿಳಿಯಬೇಕೇ? ಕೈಗೆ ಗ್ಲೌಸ್ ಹಾಕಿಕೊಂಡು, ಹರಿಯುವ ಜಾಗದಲ್ಲಿ ಒಂದು ಕಲ್ಲನ್ನು ಮಗುಚಿ ನೋಡಿ. ಚಪ್ಪಟೆ ಮೈಯ, ಬಾಲದಲ್ಲಿ ಮೂರು ಎಳೆಯಿರುವ ಮರಿಹುಳು ಅಂಟಿಕೊಂಡಿದ್ದರೆ ನೀರಿನಲ್ಲಿ ಇನ್ನೂ ಉಸಿರಿದೆ. ಕಪ್ಪು ಕೆಸರಿನಲ್ಲಿ ರಕ್ತದ ಬಣ್ಣದ ಸಣ್ಣ ಹುಳುಗಳು ಮಾತ್ರ ಹೊರಳುತ್ತಿದ್ದರೆ ಆಮ್ಲಜನಕ ತೀರಾ ಕಡಿಮೆ. ಇವುಗಳ ಕೆಂಪಿಗೆ ಕಾರಣ ನಮ್ಮ ರಕ್ತದಲ್ಲೂ ಇರುವ ಹಿಮೋಗ್ಲೋಬಿನ್. ಅದರಿಂದಲೇ ಇಂಥ ನೀರಿನಲ್ಲೂ ಬದುಕುತ್ತವೆ. ಕಲ್ಲು, ಮಣ್ಣು, ಜೊಂಡು ಇದ್ದರೆ ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಕೊಳೆಯನ್ನು ಸ್ವಲ್ಪ ಸ್ವಲ್ಪ ತಿಂದು ಕರಗಿಸುತ್ತವೆ. ಕಾಂಕ್ರೀಟ್ ತಳದಲ್ಲಿ ಅವಕ್ಕೆ ಜಾಗವೆಲ್ಲಿ?

ಸೊಳ್ಳೆ ವಿಷಯ. ಕೊಳಚೆಯಲ್ಲಿ ಮರಿ ಮಾಡುವುದು ಕ್ಯೂಲೆಕ್ಸ್. ಅದಕ್ಕೆ ನಿಂತ ನೀರು ಬೇಕು, ಹೂಳು ತುಂಬಿದ ಕಾಂಕ್ರೀಟ್ ಚರಂಡಿಯಲ್ಲೂ ಅದು ಸಿಗುತ್ತದೆ. ಡೆಂಗಿ ಹರಡುವ ಈಡಿಸ್ ನಿಮ್ಮ ಮನೆಯ ಸಂಪು, ಡ್ರಮ್, ಹೂಕುಂಡದ ತಟ್ಟೆಯಲ್ಲೇ ಬೆಳೆಯುತ್ತದೆ.

ಹಾಗಾದರೆ ಏನು ಮಾಡಬೇಕು? ನಾಲ್ಕೈದು ದಿನ ಮಳೆಯಿಲ್ಲದ ಬೆಳಿಗ್ಗೆ, ಸಂಘದ ಇಬ್ಬರು ಮೂವರು ಹಳ್ಳದ ಉದ್ದಕ್ಕೂ ಮೇಲಕ್ಕೆ ನಡೆಯಿರಿ. ಒಣ ದಿನದಲ್ಲಿ ನೀರು ಬಿಡುವ ಪ್ರತಿ ಪೈಪಿನ ಫೋಟೋ ತೆಗೆಯಿರಿ, ಜಾಗ ಗುರುತು ಮಾಡಿ. ಒಳಚರಂಡಿಗೆ ಜೋಡಿಸಿಕೊಡಿ ಎಂದು ಅರ್ಜಿ ಹಾಕುವಾಗ ಇದಕ್ಕಿಂತ ಗಟ್ಟಿ ದಾಖಲೆ ಇನ್ನೊಂದಿಲ್ಲ. ಜೊತೆಗೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆಸಿ. ಹಳ್ಳ ಅದರಲ್ಲಿ ಎಷ್ಟು ಅಗಲ, ಎಲ್ಲಿ ಹರಿಯುತ್ತಿತ್ತು ನೋಡಿ. ಸಾರ್ವಜನಿಕ ಹಳ್ಳಗಳು ಸಾಮಾನ್ಯವಾಗಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ, ಯಾರೂ ಸೈಟು ಮಾಡುವಂತಿಲ್ಲ. ಎಷ್ಟೋ ಕಡೆ ನೆರೆ ಬರುವುದೇ ಈ ಅಗಲವನ್ನು ಮಣ್ಣು ತುಂಬಿ ತಿಂದುಹಾಕಿದ್ದರಿಂದ.

ದಡ ಕುಸಿಯುತ್ತಿದ್ದರೆ ಇಳಿಜಾರು ಮಾಡಿ ಲಕ್ಕಿ ಗಿಡ, ಹೊಂಗೆ, ಹೊಳೆಮತ್ತಿ ನೆಡಿ. ಮುಂಗಾರು ಹಿಡಿದ ಮೇಲೆ ನೆಟ್ಟರೆ ಬೇಗ ಬೇರು ಬಿಡುತ್ತವೆ. ಲಕ್ಕಿಯನ್ನು ಕಡ್ಡಿಯಿಂದಲೇ ಬೆಳೆಸಬಹುದು, ದುಡ್ಡಿನ ಖರ್ಚೂ ಇಲ್ಲ.